ಬಾಳೆ ಸಸಿ ಬುಕ್ ಮಾಡಲು ಗುಂಪಾಗಿ ಹೋಗುವವರೇ, ಸ್ವಲ್ಪ ಹುಷಾರು

ಗುಂಡ್ಲುಪೇಟೆ ಕಡೆಯ ನಾವು ಕೆಲವು ರೈತರು ಸೇರಿಕೊಂಡು, ಗಾಡಿ ಮಾಡಿಕೊಂಡು ಒಂದು ಹಣ್ಣಿನ ತೋಟ ನೋಡಲು ಹೋಗಿದ್ದೆವು. ಒಂದೇ ಮನೆಯವರು ನಡೆಸುವ ತೋಟ, ಪಕ್ಕದಲ್ಲೇ ಟಿಶ್ಯೂ ಕಲ್ಚರ್ ಲ್ಯಾಬ್, ಅಂದರೆ ಗಿಡದ ಚೂರನ್ನು ಬಾಟಲಿಯಲ್ಲಿ ಬೆಳೆಸಿ ಸಸಿ ಮಾಡುವ ಜಾಗ. ಅವರ ಮೇಲೆ ನಾವು ಕೊಟ್ಟ ದೂರು ಇನ್ನೂ ನಡೆಯುತ್ತಿದೆ, ಅದಕ್ಕೇ ಹೆಸರು ಬರೆಯುವುದಿಲ್ಲ.

ತೋಟ ನಿಜಕ್ಕೂ ಚೆನ್ನಾಗಿತ್ತು. ಜಿ-9 ತಳಿಯ ಬಾಳೆ, ತುಂಬಿದ ಗೊನೆಗಳು. ಊಟ ಹಾಕಿ, ಆಮೇಲೆ ಲ್ಯಾಬ್‌ಗೆ ಕರೆದುಕೊಂಡು ಹೋದರು. "ಬನ್ನಿ ಅಣ್ಣಾ, ಒಳಗೇ ಬನ್ನಿ, ನಮ್ಮಲ್ಲಿ ಮುಚ್ಚುಮರೆ ಇಲ್ಲ" ಎಂದರು. ತೋಟದ ಮಣ್ಣು ಮೆತ್ತಿದ ಚಪ್ಪಲಿಯಲ್ಲೇ ಎಲ್ಲರೂ ಬಾಟಲಿ ಜೋಡಿಸಿದ ಕೋಣೆಗೆ ಹೋದೆವು. ಕೆಲವು ಬಾಟಲಿಗಳಲ್ಲಿ ಬೆಳ್ಳಗೆ ಬೂಷ್ಟು ಹಿಡಿದಿತ್ತು. ಕೇಳಿದರೆ, "ಅದು ಮಾಮೂಲಿ" ಎಂಬ ಉತ್ತರ.

ಇಲ್ಲೇ ಇರುವುದು ವಿಷಯ. ಬಾಳೆಕಂದಿನ ಬೆಳೆಯುವ ತುದಿಯ ಚಿಕ್ಕ ಚೂರನ್ನು ಸಕ್ಕರೆ, ಲವಣ ಬೆರೆತ ಜೆಲ್ಲಿಯ ಮೇಲೆ ಬಾಟಲಿಯಲ್ಲಿ ಬೆಳೆಸುತ್ತಾರೆ. ಆ ಸಕ್ಕರೆ ಗಿಡಕ್ಕೆ ಎಷ್ಟು ಇಷ್ಟವೋ ಬೂಷ್ಟಿಗೂ ಅಷ್ಟೇ ಇಷ್ಟ. ಹಾಗಾಗಿ ಒಳ್ಳೆಯ ಲ್ಯಾಬ್‌ನವರು ಹೊರಗಿನವರನ್ನು ಒಳಗೆ ಬಿಡುವುದಿಲ್ಲ, ಗಾಜಿನ ಆಚೆಯಿಂದಲೇ ತೋರಿಸುತ್ತಾರೆ. ನಿಮ್ಮನ್ನು ಬಾಗಿಲಲ್ಲೇ ತಡೆದರೆ ಬೇಜಾರು ಮಾಡಿಕೊಳ್ಳಬೇಡಿ. ತೋಟಕ್ಕೆ ಇಳಿಯುವ ಮುಂಚೆ ಕಾಲು ತೊಳೆಸಿದರೆ ಇನ್ನೂ ಒಳ್ಳೆಯದು. ಪನಾಮ ಸೊರಗು ರೋಗದ ಶಿಲೀಂಧ್ರ ಚಪ್ಪಲಿಯ ಮಣ್ಣಿನಲ್ಲೂ ಊರು ದಾಟುತ್ತದೆ. ನಂಜನಗೂಡು ರಸಬಾಳೆಯನ್ನು ಆ ರೋಗ ಹೇಗೆ ಹಾಳು ಮಾಡಿತು ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಅಲ್ವಾ?

ಅಲ್ಲೇ ಎಲ್ಲರಿಂದಲೂ ಮುಂಗಡ ಕಟ್ಟಿಸಿಕೊಂಡರು. ಆಮೇಲೆ ಬಂದ ಸಸಿಗಳು ಗೇಣುದ್ದವೂ ಇರಲಿಲ್ಲ. ನಾಟಿಗೆ ಸುಮಾರು ಒಂದು ಅಡಿ ಎತ್ತರ, ಐದಾರು ಎಲೆ ಇರುವ, ನೆರಳುಮನೆಯಲ್ಲಿ ಹದಗೊಂಡ ಸಸಿ ಬೇಕು. ನೆಟ್ಟದ್ದರಲ್ಲಿ ಬಹಳಷ್ಟು ಒಣಗಿದವು. ಉಳಿದವುಗಳಲ್ಲಿ ಕೆಲವು ಕುಳ್ಳಗಾದವು, ಕೆಲವಕ್ಕೆ ಎಲೆಗಳೆಲ್ಲ ತುದಿಯಲ್ಲಿ ಕಿರಿದಾಗಿ, ನೆಟ್ಟಗೆ, ಗುಚ್ಛದಂತೆ ನಿಂತವು. ಅದು ಬಂಚಿ ಟಾಪ್ ಎಂಬ ನಂಜುರೋಗ (ವೈರಸ್ ರೋಗ). ಬಂದ ಗಿಡಕ್ಕೆ ಔಷಧಿ ಇಲ್ಲ. ಕಿತ್ತು ನಾಶ ಮಾಡದಿದ್ದರೆ ಗಿಡಹೇನು ಪಕ್ಕದವರ ತೋಟಕ್ಕೂ ಹಬ್ಬಿಸುತ್ತದೆ. ತಾಯಿಗಿಡದಲ್ಲಿ ನಂಜಿದ್ದು ಪರೀಕ್ಷೆ ಮಾಡದೇ ಇದ್ದರೆ, ಅದರಿಂದ ಮಾಡಿದ ಸಾವಿರಾರು ಸಸಿಗಳಲ್ಲೂ ಅದು ಬರಬಹುದು. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಸಾಲ ಮಾಡಿ ನೆಟ್ಟವರಿದ್ದಾರೆ ನಮ್ಮಲ್ಲಿ.

ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ ಟಿಶ್ಯೂ ಕಲ್ಚರ್ ಸಸಿಗಳಿಗೆಂದೇ 2006ರಲ್ಲಿ ಪ್ರಮಾಣೀಕರಣ ವ್ಯವಸ್ಥೆ ತಂದಿದೆ. ಅದರಲ್ಲಿ ಲ್ಯಾಬ್‌ಗೆ ಮಾನ್ಯತೆ ಬೇರೆ, ಸಸಿಗಳ ಪ್ರತಿ ಬ್ಯಾಚ್‌ಗೆ ನಂಜು ಮತ್ತು ತಳಿ ಶುದ್ಧತೆಯ ಪರೀಕ್ಷೆ ಬೇರೆ. ಗೋಡೆಗೆ ತೂಗುಹಾಕಿದ ಸರ್ಟಿಫಿಕೇಟ್ ನೋಡಿ ಸುಮ್ನೆ ಆಗಬೇಡಿ. ನಿಮಗೆ ಕೊಡುವ ಸಸಿಗಳ ವರದಿಯನ್ನೇ ಕೇಳಿ. ನಮ್ಮ ಬಿಲ್ಲಿನಲ್ಲಿ "ಬಾಳೆ ಸಸಿ" ಎಂದಷ್ಟೇ ಇತ್ತು. ತಳಿಯ ಹೆಸರಿಲ್ಲ, ಬ್ಯಾಚ್ ನಂಬರ್ ಇಲ್ಲ. ಈಗ ಅವರು "ಅವು ನಮ್ಮ ಸಸಿಯೇ ಅಲ್ಲ" ಎನ್ನುತ್ತಿದ್ದಾರೆ.

ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಅದನ್ನೇ ಹಿಡಿದು ನಾವು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿದ್ದೇವೆ. ನಿಮಗೂ ಹೀಗಾಗಿದ್ದರೆ ರೋಗದ ಗಿಡಗಳನ್ನು ಕೀಳುವ ಮುಂಚೆ ತೋಟಗಾರಿಕೆ ಇಲಾಖೆಯವರನ್ನು ಕರೆಸಿ, ಪರಿಶೀಲನೆ ಮಾಡಿದ್ದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಫೋಟೊ, ಬಿಲ್ಲು, ಸಸಿ ಬಂದ ಚೀಲ, ಫೋನಿನ ಮೆಸೇಜು ಎಲ್ಲವನ್ನೂ ಜೋಪಾನವಾಗಿ ಇಟ್ಟುಕೊಳ್ಳಿ.