ಬಾಕ್ಸಿಂಗಾ, ಆನೆ ಕಾರ್ಯಪಡೆಯಾ: ಯಾವುದಕ್ಕೆ ಜಾಸ್ತಿ ಧೈರ್ಯ ಬೇಕು?

ಸಕಲೇಶಪುರದ ಕಡೆ ಗಟ್ಟಿಮುಟ್ಟಾದ ಹುಡುಗರಿಗೆ ಎರಡೂ ಆಸೆ ಇರುತ್ತದೆ: ಬಾಕ್ಸಿಂಗ್ ಕಲಿಯುವುದು, ಇಲ್ಲವೇ ತೋಟಕ್ಕೆ ಬರುವ ಕಾಡಾನೆಗಳ ಜಾಡು ಹಿಡಿದು ಓಡಿಸುವ ಅರಣ್ಯ ಇಲಾಖೆಯ ಆನೆ ಕಾರ್ಯಪಡೆ ಸೇರುವುದು.

ರಿಂಗ್‌ನಲ್ಲಿ ಎದುರಾಳಿ ನಿಮ್ಮದೇ ತೂಕದವನು. ಅಮೆಚೂರ್ ಪಂದ್ಯವಾದರೆ 3 ನಿಮಿಷದ 3 ಸುತ್ತು. ಬಿದ್ದರೆ ರೆಫರಿ ಎಣಿಸುತ್ತಾರೆ, ಡಾಕ್ಟರ್ ಪಕ್ಕದಲ್ಲೇ ಇರುತ್ತಾರೆ. ಆದರೂ ಹೊಡೆತ ಬರುತ್ತದೆ ಅಂತ ಗೊತ್ತಿದ್ದೇ ಮುಂದೆ ಹೆಜ್ಜೆ ಇಡಬೇಕು. ಸುಮ್ನೆ ಮಾತಲ್ಲ.

ಕಾಫಿ ತೋಟದಲ್ಲಿ ತೂಕದ ಲೆಕ್ಕವೇ ಇಲ್ಲ, ಅಲ್ವಾ? ಬೆಳಗಿನ ಮಂಜಿನಲ್ಲಿ ಹತ್ತು ಮಾರು ದೂರದ ಆನೆಯೂ ಕಾಣುವುದಿಲ್ಲ. ಮುರಿದ ಬೈನೆ ಮರ, ಇನ್ನೂ ಬಿಸಿಯಾಗಿರುವ ಲದ್ದಿ ನೋಡಿ ಅಂದಾಜು ಮಾಡಬೇಕು. 2023ರ ಡಿಸೆಂಬರ್‌ನಲ್ಲಿ ಯಸಳೂರು ಬಳಿ ಕಾಡಾನೆ ಹಿಡಿಯಲು ಹೋದಾಗ ಅರ್ಜುನನೇ ಸತ್ತ. ದಸರಾದಲ್ಲಿ ಎಂಟು ಸಲ ಅಂಬಾರಿ ಹೊತ್ತ ಆನೆ ಅದು!

ಪದಕ, ಹೆಸರು ಬೇಕಿದ್ದರೆ ಬಾಕ್ಸಿಂಗ್ ಕಲಿಯಿರಿ. ಧೈರ್ಯಕ್ಕೆ ನನ್ನ ಓಟು ಕಾರ್ಯಪಡೆಯವರಿಗೇ. ಸೇರುವ ಮುಂಚೆ ಇಳಿಜಾರಿನಲ್ಲಿ ಓಡುವುದನ್ನು ಕಲಿತಿರಿ.