ವೇರಿಯಬಲ್ ಎನ್‌ಡಿ ಫಿಲ್ಟರ್, ಮೂರು ವರ್ಷದ ನಂತರ: ತಗೊಂಡಿದ್ದು ನೀರಿಗೆ, ಒದಗಿದ್ದು ಮರಗಳಿಗೆ

ಲೆನ್ಸಿನ ಮುಂದೆ ಹಾಕಿ ಒಳಗೆ ಬರುವ ಬೆಳಕನ್ನು ಕಡಿಮೆ ಮಾಡುವ ಕಪ್ಪು ಗಾಜು ಈ ಎನ್‌ಡಿ ಫಿಲ್ಟರ್. ಇದು ನನ್ನ ಬ್ಯಾಗ್ ಸೇರಿ ಮೂರು ವರ್ಷ ಆಯಿತು. 3, 6, 10 ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿಯುವುದು) ಅಂತ ಬೇರೆ ಬೇರೆ ಫಿಲ್ಟರ್ ಕೊಳ್ಳುವಷ್ಟು ದುಡ್ಡು ಆಗ ಇರಲಿಲ್ಲ. ಉಂಗುರ ತಿರುಗಿಸಿದಷ್ಟೂ ಕಪ್ಪಾಗುವ ಇದೊಂದಿದ್ದರೆ ಸಾಕು ಅಂತ ತಗೊಂಡೆ. ಹಗಲಲ್ಲೇ ಶಟರ್ ನಿಧಾನ ಮಾಡಿ, ಜಲಪಾತವನ್ನು ಹಾಲು ಸುರಿದ ಹಾಗೆ ತೆಗೆಯಬೇಕು. ಆಸೆ ಅದೊಂದೇ.

ಬಳಸುವ ಸುಖ ಮಾತ್ರ ಇವತ್ತಿಗೂ ಮೊದಲ ದಿನದಷ್ಟೇ ಇದೆ. ಟ್ರೈಪಾಡ್ ಊರಿ, ಉಂಗುರವನ್ನು ಪೂರ್ತಿ ತಿಳಿಯಾಗುವ ಕಡೆಗೆ ತಿರುಗಿಸುತ್ತೇನೆ. ಫೋಕಸ್ ಮಾಡಿ ಲೆನ್ಸನ್ನು ಮ್ಯಾನ್ಯುವಲ್‌ಗೆ ಹಾಕುತ್ತೇನೆ. ಅಲುಗಾಟ ತಡೆಯುವ ಸ್ಟೆಬಿಲೈಸೇಶನ್ ಆಫ್. ಆಮೇಲೆ ಎರಡು ಬೆರಳಲ್ಲಿ ಮೆಲ್ಲಗೆ ತಿರುಗಿಸುತ್ತಾ ಹೋದರೆ ಫ್ರೇಮಿನಲ್ಲಿ ಸಂಜೆ ಇಳಿದ ಹಾಗೆ ಕತ್ತಲಾಗುತ್ತದೆ. ಮಾಮೂಲಿ 10 ಸ್ಟಾಪ್ ಫಿಲ್ಟರ್ ಆದರೆ ಪ್ರತಿ ಸಲ ಬಿಚ್ಚಿ, ಫೋಕಸ್ ಮಾಡಿ, ಮತ್ತೆ ಹಾಕಬೇಕು. ತುಂತುರು ಹಾರುವ ಜಾಗದಲ್ಲಿ ಒದ್ದೆ ಕೈಯಲ್ಲಿ ಆ ಕೆಲಸ ಎಷ್ಟು ಕಷ್ಟ ಅಂತ ಮಾಡಿದವರಿಗೆ ಗೊತ್ತು.

ಆದರೆ ಆ ಇಂಟು ಮಾರ್ಕ್! 16 ಎಂಎಂ ವೈಡ್ ಲೆನ್ಸಿಗೆ ಹಾಕಿ ಕೊನೆತನಕ ತಿರುಗಿಸಿದರೆ ಫೋಟೋದ ಅಡ್ಡಡ್ಡ ಕಪ್ಪು ಪಟ್ಟೆ ಬೀಳುತ್ತದೆ. ಎಡಿಟಿಂಗ್‌ನಲ್ಲೂ ಹೋಗುವುದಿಲ್ಲ. ಒಳಗೆ ಇರುವುದು ಒಂದರ ಮುಂದೊಂದು ಕೂತ ಎರಡು ಪೋಲರೈಸರ್, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಗಾಜು. ಅಂಚಿನಿಂದ ಓರೆಯಾಗಿ ಬರುವ ಬೆಳಕನ್ನು ಅವು ಒಂದೇ ಸಮ ತಡೆಯುವುದಿಲ್ಲ. ಉಂಗುರದ ಗೆರೆಗಳನ್ನೂ ಕೊನೆಯಲ್ಲಿ ನಂಬುವ ಹಾಗಿಲ್ಲ. ಒಂದು ಗಾಜು ಇನ್ನೊಂದಕ್ಕಿಂತ 60 ಡಿಗ್ರಿ ತಿರುಗಿದ್ದಾಗ ಮೊದಲನೆಯದನ್ನು ದಾಟಿದ ಬೆಳಕಿನಲ್ಲಿ ಕಾಲು ಪಾಲು ಒಳಗೆ ಬರುತ್ತದೆ. 80ಕ್ಕೆ ಸುಮಾರು 33ರಲ್ಲಿ ಒಂದು ಪಾಲು. 85ಕ್ಕೆ 130ರಲ್ಲಿ ಒಂದು. ಬರೀ 5 ಡಿಗ್ರಿಗೆ ಎರಡು ಸ್ಟಾಪ್ ಹೋಯಿತು ಅಲ್ವಾ?

ಇದಕ್ಕಿಂತ ಜಾಸ್ತಿ ನೋವಾಗಿದ್ದು ಒಂದು ಬೆಳಿಗ್ಗೆ. ಜಲಪಾತದ ತುಂತುರಿನಲ್ಲಿ ಕಾಮನಬಿಲ್ಲು ಮೂಡಿತ್ತು. ಬಂಡೆಯ ಮೇಲೆ ಕೂತು ಉಂಗುರ ತಿರುಗಿಸಿದೆ. ಬೇಕಾದ ಶಟರ್ ಸಿಕ್ಕಿತು, ಬಿಲ್ಲು ಮಾಯವಾಯಿತು. ಕಾಮನಬಿಲ್ಲಿನ ಬೆಳಕು ಪೋಲರೈಸ್ ಆಗಿರುತ್ತದೆ, ಅಂದರೆ ಹೆಚ್ಚುಪಾಲು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಮುಂದಿನ ಗಾಜು ತಿರುಗಿದಾಗ ಅದನ್ನೇ ತಡೆದುಬಿಟ್ಟಿತ್ತು. ಬರೀ ಪೋಲರೈಸರ್ ಆಗಿದ್ದರೆ ಬಿಲ್ಲು ಕಾಣುವ ಹಾಗೆ ತಿರುಗಿಸಿಕೊಳ್ಳಬಹುದಿತ್ತು. ಇಲ್ಲಿ ಕತ್ತಲೆಗೂ ಕೋನಕ್ಕೂ ಒಂದೇ ಉಂಗುರ. ಅವತ್ತು ಡಬ್ಬಿಗೆ ಹಾಕಿದವನು ಆರು ತಿಂಗಳು ತೆಗೆಯಲಿಲ್ಲ.

ಮತ್ತೆ ಕೈಗೆತ್ತಿಕೊಂಡಿದ್ದು ಮರಗಳಿಗಾಗಿ. ಬೇಕಂತಲೇ ಕ್ಯಾಮೆರಾ ಆಡಿಸಿ ತೆಗೆಯುವ ಐಸಿಎಂ (ಇಂಟೆನ್ಷನಲ್ ಕ್ಯಾಮೆರಾ ಮೂವ್‌ಮೆಂಟ್) ಮಾಡಲು ಅರ್ಧ ಸೆಕೆಂಡಿನ ಶಟರ್ ಬೇಕು. ಕಾಡಿನ ನೆರಳಲ್ಲಿ ಐಎಸ್‌ಒ 100, ಎಫ್ 11 ಇಟ್ಟರೆ ಶಟರ್ ಸುಮಾರು 1/30 ಬರುತ್ತದೆ. ನಾಲ್ಕು ಸ್ಟಾಪ್ ಕತ್ತಲೆ ಮಾಡಿದರೆ ಸರಿಯಾಗಿ ಅರ್ಧ ಸೆಕೆಂಡ್. ಅಷ್ಟಕ್ಕೆ, ಅದೂ 50 ಎಂಎಂ ಲೆನ್ಸಿನಲ್ಲಿ, ಇಂಟು ಮಾರ್ಕಿನ ಸುಳಿವೇ ಇಲ್ಲ! ಬಿಸಿಲು ಮೋಡದ ಹಿಂದೆ ಹೋಗಿ ಬಂದರೆ ಉಂಗುರವನ್ನು ಒಂಚೂರು ಆಚೀಚೆ ಮಾಡಿದರಾಯಿತು.

ಮಣಿಕಟ್ಟು ಬಿಗಿ ಹಿಡಿದು, ಮಂಡಿ ಬಗ್ಗಿಸಿ ಮೈಯನ್ನೇ ಕೆಳಗೆ ಇಳಿಸುತ್ತೇನೆ. ಶಟರ್ ಒತ್ತುವ ಮೊದಲೇ ಚಲನೆ ಶುರುವಾಗಿರಬೇಕು, ಮುಚ್ಚಿದ ಮೇಲೂ ನಿಲ್ಲಬಾರದು. ಕಾಂಡಗಳ ಗೆರೆ ಹಾಗೇ ನಿಲ್ಲುತ್ತದೆ, ಎಲೆಗಳೆಲ್ಲ ಬಣ್ಣವಾಗಿ ಇಳಿಯುತ್ತವೆ. ನನಗೆ ತುಂಬಾ ಇಷ್ಟವಾದ ಒಂದು ಫೋಟೋದಲ್ಲಿ ಒಂದೇ ಒಂದು ಹಳದಿ ಎಲೆ ಉದ್ದನೆಯ ದಾರವಾಗಿ, ಕಪ್ಪು ಕಾಂಡದ ಪಕ್ಕ ತೂಗಿದೆ. ಅದೊಂದನ್ನು ನೋಡಿದ ಮೇಲೆ ಫಿಲ್ಟರಿನ ಮೇಲಿದ್ದ ಸಿಟ್ಟೆಲ್ಲ ಇಳಿಯಿತು. 60 ಕ್ಲಿಕ್ಕಿನಲ್ಲಿ ಇಟ್ಟುಕೊಳ್ಳುವಂಥದ್ದು ಮೂರೋ ನಾಲ್ಕೋ. ಆ ಹುಡುಕಾಟವೇ ನನಗೆ ಖುಷಿ.

ಕೋಟಿಂಗ್ ಇನ್ನೂ ಚೆನ್ನಾಗಿದೆ, ಉಂಗುರ ಸ್ವಲ್ಪ ಸಡಿಲ ಆಗಿದೆ. ಜಾಸ್ತಿ ಕತ್ತಲೆ ಮಾಡಿದರೆ ಹಳದಿ ಛಾಯೆ ಬರುತ್ತದೆ, ಕ್ಯಾಮೆರಾದ ಮೂಲ ರಾ ಫೈಲ್ ಇದ್ದರೆ ಸರಿಮಾಡಬಹುದು. ವೈಡ್ ಲೆನ್ಸಿನಲ್ಲಿ ನೀರು, ಮೋಡ ತೆಗೆಯುವವರು ಇದನ್ನು ಕೊಳ್ಳಬೇಡಿ. ದುಡ್ಡು ಕೂಡಿಟ್ಟು 10 ಸ್ಟಾಪಿನದೇ ತಗೊಳ್ಳಿ. ನಾನೂ ಹೋದ ವರ್ಷ ಅದನ್ನೇ ಮಾಡಿದೆ. 1/30 ಇದ್ದದ್ದು ಅದರಲ್ಲಿ 34 ಸೆಕೆಂಡ್ ಆಗುತ್ತದೆ, ಬೇಕಾದಷ್ಟು ಹೊತ್ತು ಶಟರ್ ತೆರೆದಿಡುವ ಬಲ್ಬ್ ಮೋಡ್ ಬೇಕು. ಈ ವೇರಿಯಬಲ್ ಫಿಲ್ಟರ್ ಮಾತ್ರ 50 ಎಂಎಂ ಲೆನ್ಸ್ ಬಿಟ್ಟು ಕದಲುವುದಿಲ್ಲ. ಮರಗಳ ನಡುವೆ ನಿಂತು ತಿರುಗಿಸುವಾಗ, ನಾಲ್ಕು ಸ್ಟಾಪ್ ಹತ್ತಿರ ಬಂದರೆ ಬೆರಳು ತಾನಾಗೇ ನಿಲ್ಲುತ್ತದೆ.