ಸಂಬಳದಲ್ಲಿ ಇಎಸ್‌ಐ ಹಿಡಿಯುತ್ತಿದ್ದಾರಾ? ಕಟ್ಟಿದ್ದಾರಾ ಅಂತ ಇವತ್ತೇ ನೋಡಿ

ನನ್ನ ಪೇ ಸ್ಲಿಪ್‌ನಲ್ಲಿ ಪ್ರತಿ ತಿಂಗಳೂ ಇಎಸ್‌ಐ (ನೌಕರರ ರಾಜ್ಯ ವಿಮೆ) ಅಂತ 128 ರೂಪಾಯಿ ಕಡಿತ ಇರುತ್ತಿತ್ತು. ಅದನ್ನು ನೋಡಿ, ಆಸ್ಪತ್ರೆ ಖರ್ಚಿನ ಚಿಂತೆ ಇಲ್ಲ ಅಂತ ನಿಶ್ಚಿಂತೆಯಾಗಿದ್ದೆ. ನೀವೂ ಹಾಗೇ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ.

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಗುತ್ತಿಗೆದಾರರ ಕಡೆಯಿಂದ ಕೆಲಸ ಮಾಡುತ್ತೇನೆ. ಸಂಬಳ 17,000. ಇಎಸ್‌ಐ ವ್ಯಾಪ್ತಿಗೆ ಬರುವ ಕಡೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಅದು ಕಡ್ಡಾಯ. ನೂರು ರೂಪಾಯಿ ಸಂಬಳಕ್ಕೆ ನಮ್ಮಿಂದ 75 ಪೈಸೆ, ಮಾಲೀಕರಿಂದ 3 ರೂಪಾಯಿ 25 ಪೈಸೆ. ನನ್ನ ಲೆಕ್ಕದಲ್ಲಿ ಎರಡೂ ಸೇರಿ 681 ರೂಪಾಯಿ. ಮುಂದಿನ ತಿಂಗಳ 15ನೇ ತಾರೀಖಿನೊಳಗೆ ಕಟ್ಟಬೇಕು.

ಹೋದ ವರ್ಷ ನನ್ನ ಹೆಂಡತಿಗೆ ಗಾಲ್ ಬ್ಲಾಡರ್‌ನಲ್ಲಿ ಕಲ್ಲು ಅಂತ ಗೊತ್ತಾಯಿತು. ಊಟ ಮಾಡಿದರೆ ಸಾಕು, ಹೊಟ್ಟೆ ಹಿಡಿದು ಮುದುಡಿಕೊಂಡು ಕೂರುತ್ತಿದ್ದಳು. ಇಎಸ್‌ಐ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕೌಂಟರ್‌ನಲ್ಲಿದ್ದವರು ನನ್ನ ನಂಬರ್ ಹಾಕಿ ನೋಡಿ, "ನಿಮ್ಮ ಹೆಸರಲ್ಲಿ ದುಡ್ಡು ಬಂದು 14 ತಿಂಗಳಾಯ್ತು ಸರ್, ಕಂಪನಿಯಲ್ಲಿ ಕೇಳಿ" ಅಂದರು. ಪೇ ಸ್ಲಿಪ್‌ಗಳನ್ನೆಲ್ಲ ತೋರಿಸಿದೆ. ಪ್ರಯೋಜನ ಆಗಲಿಲ್ಲ.

ಆ ರಾತ್ರಿಯೇ ನೋವು ತಡೆಯಲಾಗದೆ ಮನೆ ಹತ್ತಿರದ ನರ್ಸಿಂಗ್ ಹೋಮ್‌ಗೆ ಸೇರಿಸಿದೆ. ಆಯುಷ್ಮಾನ್ ಕಾರ್ಡ್ ನಡೆಯುತ್ತಾ ಅಂತ ಕೇಳಿದರೆ, ಆ ನರ್ಸಿಂಗ್ ಹೋಮ್ ಆ ಯೋಜನೆಯಲ್ಲೇ ಇರಲಿಲ್ಲ. ಇದ್ದಿದ್ದರೂ ನಮ್ಮದು ಎಪಿಎಲ್ ಕಾರ್ಡ್. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ನಮ್ಮಂಥವರಿಗೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ. 30 ಮಾತ್ರ. ಆಪರೇಷನ್, ಔಷಧಿ ಎಲ್ಲ ಸೇರಿ 86,000 ಆಯಿತು. ಅವಳ ಸರ ಅಡವಿಟ್ಟೆ.

ಎಲ್ಲರಿಗೂ ವಿಮೆ ಕಡ್ಡಾಯ ಮಾಡಬೇಕು ಅಂತ ಕೆಲವರು, ಸರ್ಕಾರವೇ ಎಲ್ಲರಿಗೂ ಚಿಕಿತ್ಸೆ ಕೊಡಲಿ ಅಂತ ಕೆಲವರು ವಾದ ಮಾಡುತ್ತಾರೆ. ನಾನು ಈಗಲೂ ಕಡ್ಡಾಯ ಇರಲಿ ಅನ್ನುವವನೇ. ನಮ್ಮ ಸಂಬಳದಲ್ಲಿ ಒಬ್ಬೊಬ್ಬರೇ ಪಾಲಿಸಿ ಮಾಡಿಸೋದು ಆಗದ ಮಾತು. ಆದರೆ ನನ್ನ 128 ರೂಪಾಯಿ ಒಂದು ತಿಂಗಳೂ ತಪ್ಪಲಿಲ್ಲ, ಅದು ಎಲ್ಲಿ ಹೋಯಿತು ಅಂತ 14 ತಿಂಗಳು ಯಾರೂ ಕೇಳಲಿಲ್ಲ. ಧಣಿ ಕಟ್ಟದ ತಪ್ಪಿಗೆ ಕಾಯಿಲೆಯವರು ಯಾಕೆ ವಾಪಸ್ ಬರಬೇಕು? ಮೊದಲು ಚಿಕಿತ್ಸೆ ಕೊಡಲಿ, ಆಮೇಲೆ ಧಣಿಯಿಂದ ವಸೂಲಿ ಮಾಡಿಕೊಳ್ಳಲಿ.

ನೀವು ಮಾತ್ರ ಕಾಯಿಲೆ ಬರುವವರೆಗೆ ಕಾಯಬೇಡಿ. ನಿಮ್ಮ ಹತ್ತು ಅಂಕಿಯ ಇಎಸ್‌ಐ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಇಎಸ್‌ಐ ವೆಬ್‌ಸೈಟ್‌ನಲ್ಲಿ ಲಾಗಿನ್ ಆಗಿ ಯಾವ ತಿಂಗಳು ಎಷ್ಟು ಕಟ್ಟಿದ್ದಾರೆ ನೋಡಿ. ಅದು ಗೊತ್ತಾಗದಿದ್ದರೆ ನಿಮ್ಮ ಇಎಸ್‌ಐ ಡಿಸ್ಪೆನ್ಸರಿಯಲ್ಲೇ ಹೋಗಿ ಕೇಳಿ. ನನಗೆ ಲಾಗಿನ್ ಆಗಲೇ ಇಲ್ಲ, ಯಾಕೆ ಗೊತ್ತಾ? ನನ್ನ ಹೆಸರಿನ ಮುಂದೆ ಗುತ್ತಿಗೆದಾರರ ಮೊಬೈಲ್ ನಂಬರ್ ಕೊಟ್ಟಿದ್ದರು. ಅದನ್ನು ಮೊದಲು ಸರಿ ಮಾಡಿಸಿ. ಹೆಂಡತಿ, ಮಕ್ಕಳು, ಅಪ್ಪ ಅಮ್ಮನ ಹೆಸರು ಸೇರಿದೆಯಾ ಅಂತಲೂ ನೋಡಿ.

ಪೇ ಸ್ಲಿಪ್ ಒಂದನ್ನೂ ಬಿಸಾಡಬೇಡಿ. ಸ್ಲಿಪ್ ಕೊಡದಿದ್ದರೆ ಬ್ಯಾಂಕ್ ಪಾಸ್‌ಬುಕ್ ಆದರೂ ಇರಲಿ. ಗುತ್ತಿಗೆದಾರರು ಕಟ್ಟದಿದ್ದರೆ ಅವರನ್ನು ಇಟ್ಟುಕೊಂಡ ಕಂಪನಿಗೂ ಹೊಣೆ ಇದೆ. ಇಎಸ್‌ಐ ಕಚೇರಿಗೆ ದೂರು ಕೊಡುವಾಗ ಎರಡೂ ಹೆಸರು ಬರೆಯಿರಿ.

ನಮ್ಮ ಶಿಫ್ಟ್‌ನ ಹನ್ನೊಂದು ಜನ ಊಟದ ಹೊತ್ತಲ್ಲಿ ಕೂತು ನೋಡಿದೆವು. ಒಂಬತ್ತು ಜನರದ್ದು ನನ್ನ ಹಾಗೇ ನಿಂತಿತ್ತು. ಅದರಲ್ಲಿ ಒಬ್ಬರ ಹೆಂಡತಿ ಏಳು ತಿಂಗಳ ಬಸುರಿ. ಎಲ್ಲರೂ ಸಹಿ ಹಾಕಿ ದೂರು ಕೊಟ್ಟ ಮೇಲೆ ಒಂದಷ್ಟು ತಿಂಗಳ ಬಾಕಿ ಕಟ್ಟಿದ್ದಾರೆ. ಆ ಹೆಣ್ಣುಮಗಳ ಹೆರಿಗೆ ಇಎಸ್‌ಐನಲ್ಲೇ ಆಯಿತು. ನನ್ನ 86,000 ಇನ್ನೂ ಬಂದಿಲ್ಲ, ಬಿಲ್‌ಗಳನ್ನೆಲ್ಲ ಜೋಡಿಸಿ ಅರ್ಜಿ ಹಾಕಿದ್ದೇನೆ.